ಎರಡನೆಯ ಸಾಲಿನ ಹುಡುಗಿ

ಮಸ್ಕೀಗನ್ನಿನ ಚರ್ಚಿನ ನೆಲಮಾಳಿಗೆ. ಮಾರ್ಚ್ ಮುಗಿದರೂ
ಬಾಗಿಲ ಬಳಿ ಬೂಟುಗಳು ಬಿಟ್ಟ ಕೆಸರುಹಿಮ.
ಆಲೂಗಡ್ಡೆ, ಚೀಸು, ಕಾಫಿ ಒಂದೇ ವಾಸನೆಯಾಗಿವೆ.
ಪರದೆಯ ಪಕ್ಕ ನನ್ನ ಮಗಳು ನಿರೀಕ್ಷಾ,
ಹೊಂಡುರಾಸಿನ ನೂಲಿನ ಬಳೆ ಇನ್ನೂ ಮುಂಗೈಯಲ್ಲಿ.
ಅಪ್ಪ, ಮಗಳು, ಒಂಬತ್ತು ದಿನ.
ನನಗೆ ಆಸ್ಪತ್ರೆಯಲ್ಲಿ ರಜೆ ಸಿಗಲಿಲ್ಲ.
ಹಾಗೆಂದು ಹೇಳಿದ್ದೆ.

ಇದು ಶಾಲೆ. ಇದು ನಾವು ಬಣ್ಣ ಹಚ್ಚಿದ ಗೋಡೆ.
ಇದು ಅಪ್ಪ, ಏಣಿಯ ಮೇಲೆ, ನೀಲಿ ಮೆತ್ತಿದ ಮೀಸೆ.
ಎಲ್ಲ ನಕ್ಕರು.
ಇವರು ಮಕ್ಕಳು.
"ಏನೂ ಇಲ್ಲದೆಯೂ ಹೇಗೆ ನಗುತ್ತಾರೆ ನೋಡು"
ಎಂದಳು ಪಕ್ಕದ ಲೊರೇನ್, ಕಣ್ಣೊರೆಸಿಕೊಂಡು.
ಒಳ್ಳೆಯವಳು. ನನ್ನ ಬಾಣಂತನಕ್ಕೆ ಹನ್ನೊಂದು ದಿನ ಸೂಪು ತಂದವಳು.

ನಾನು ನೋಡಿದ್ದು ಎರಡನೆಯ ಸಾಲಿನಲ್ಲಿ, ಕಂಬದ ಪಕ್ಕದವಳನ್ನು.
ಬಾಯಿ ನಗುತ್ತಿದೆ. ಎಡಗೈ ಮಾತ್ರ ಎದೆಯ ಹತ್ತಿರ,
ಗುಂಡಿ ಕಿತ್ತ ಜಾಗ ಮುಚ್ಚಿ.
ಒಳಗೊಂದು ಪಿನ್ನು ಇದೆ. ಇರಲೇಬೇಕು.
ಆ ಪಿನ್ನು ಚರ್ಮಕ್ಕೆ ಎಷ್ಟು ತಣ್ಣಗೆ ತಾಗುತ್ತದೆಂದು ನನಗೆ ಗೊತ್ತು.

ಬೆಟಗೇರಿಯ ಬೋರ್ಡಿಂಗ್ ಸಾಲಿ. ಅವರು ಬರುವರೆಂದು
ಮೂರು ವಾರ ಒಂದೇ ಹಾಡು. ಅಂಗಳಕ್ಕೆ ಸೆಗಣಿ,
ಗೋಡೆಗೆ ಸುಣ್ಣ, ನಮ್ಮ ತಲೆಗೆ ಸೀಮೆಎಣ್ಣೆ.
ಆ ದಿನ ಒಬ್ಬೊಬ್ಬರಿಗೆ ಒಂದೊಂದು ತತ್ತಿ,
ಅದೂ ಅವರು ಹೋದ ಮೇಲೆ, ಎಣಿಸಿ.

ವ್ಯಾನಿನಿಂದ ಇಳಿದರು: ಗಂಡ, ಹೆಂಡತಿ, ಎತ್ತರದ ಮಗಳು,
ಮುಖದ ತುಂಬ ಚುಕ್ಕೆಗಳ ಸಣ್ಣ ಮಗ.
ದೊಡ್ಡವರ ಮಾತು ಒಂದೂ ನೆನಪಿಲ್ಲ.
ಹುಡುಗ ಹುಣಸಿ ಗಿಡದ ಹಿಂದೆ ವಾಂತಿ ಮಾಡಿಕೊಂಡ.
ನಾನು ತಂಬಿಗೆ ಹಿಡಿದು ನಿಂತೆ. ಇಲ್ಲಿಯ ನೀರು ಕುಡಿಯಬಾರದೆಂದು
ಅವನಿಗೆ ಹೇಳಿ ಕರೆತಂದಿದ್ದರಂತೆ.
ಮುಕ್ಕಳಿಸಿದ. ಕುಡಿದೂಬಿಟ್ಟ.
ಯಾರಿಗೂ ಹೇಳಬೇಡ ಎಂಬಂತೆ ನೋಡಿದ.
ಇವತ್ತಿನವರೆಗೆ ಹೇಳಿಲ್ಲ.

ಅವನ ತಾಯಿ ನಮ್ಮ ಹೆಸರು ಬರೆದುಕೊಂಡಳು.
ವರ್ಷದ ಮೇಲೆ ಕಾರ್ಡು ಬಂತು:
ನಿನಗಾಗಿ ದಿನವೂ ಪ್ರಾರ್ಥಿಸುತ್ತೇವೆ, ಸಮೋಲಿ.
ನಾನು ಸಲೋಮಿ.
ಎಷ್ಟೋ ರಾತ್ರಿ ಯೋಚಿಸಿದ್ದೆ, ಆ ಸಮೋಲಿ ಎಲ್ಲಿರಬಹುದು,
ನನ್ನ ಪಾಲಿನದೆಲ್ಲ ಅವಳಿಗೇ ಹೋಗಿ ಸೇರುತ್ತಿದೆಯಲ್ಲ.
ನರ್ಸಿಂಗಿಗೆ ಸೀಟು ಸಿಕ್ಕ ದಿನ ಅನಿಸಿತು:
ಟಪಾಲಿನವ ವಿಳಾಸ ತಿದ್ದಿರಬೇಕು.

ಚಪ್ಪಾಳೆ. ಮುಂದಿನ ವರ್ಷಕ್ಕೆ ಹೆಸರು ಬರೆಯುವ ಹಾಳೆ
ದಾರ ಕಟ್ಟಿದ ಪೆನ್ನಿನೊಡನೆ ಕೈಯಿಂದ ಕೈಗೆ ಬಂತು.
ಲೊರೇನಳಿಗೆ ದಾಟಿಸಿದೆ.

ಜಯಕರ ಪಾತ್ರೆ ತೊಳೆಯಲು ಒಳಗೇ ಉಳಿದ.
ಪಾರ್ಕಿಂಗಿನಲ್ಲಿ ಕಾರಿನ ಗಾಜಿನ ಮಂಜುಗಡ್ಡೆ ಕೆರೆಯುತ್ತ ಕೇಳಿದೆ,
ಕಂಬದ ಹತ್ತಿರದ ಹುಡುಗಿಯ ಹೆಸರೇನು?
"ಯೆಸೆನಿಯಾ. ಅಲ್ಲ, ಯೆಸ್ಲಿನ್? ಬರೆದುಕೊಂಡಿದ್ದೆ ಮಾ."
ಆಮೇಲೆ, ಬೂಟಿನಿಂದ ಟೈರು ಒದೆಯುತ್ತ:
"ನಾವು ಹೋದಾಗ ಅಂಗಳ ಒದ್ದೆಯಿತ್ತು. ಮಳೆಯೇ ಬಂದಿರಲಿಲ್ಲ.
ನಮಗಾಗಿ ತೊಳೆದಿದ್ದರಾ?"

ಗಾಜಿನ ಮೇಲೆ ಅಂಗೈಯಷ್ಟು ಜಾಗ ತಿಳಿಯಾಗಿತ್ತು.
ಒಳಗೆ ಕೂಡು, ಚಳಿ, ಎಂದೆ.
ಹೀಟರ್ ಬಿಸಿಯಾಗಲು ಇನ್ನೂ ಹೊತ್ತಿತ್ತು.
ತತ್ತಿಯಿಂದ ಸುರು ಮಾಡಿದೆ.