ವಲ್ಲಿಯ ಕೆಳಗೆ

ಮಾಡಗ್ಯಾಳದ ಸಂತೆಯಲ್ಲಿ ಅಪ್ಪ ಬಾಯಿಬಿಟ್ಟು ಬೆಲೆ ಹೇಳಿದ್ದಿಲ್ಲ.
ಹೆಗಲ ಮೇಲಿನ ವಲ್ಲಿ ಹೊದಿಸಿ, ಅದರಡಿ ಕೈಗೆ ಕೈ ಕೊಟ್ಟು
ಒಂದು ಬೆರಳು ಕೊಟ್ಟರೆ ಸಾವಿರ, ಗೆಣ್ಣು ಒತ್ತಿದರೆ ನೂರು.
ಮೇಲೆ ಮಾತ್ರ ಮಳೆಯ ಮಾತು,
ಮರಾಠಿಯಲ್ಲಿ ಒಂದಿಷ್ಟು, ಕನ್ನಡದಲ್ಲಿ ಒಂದಿಷ್ಟು.
ಯಾರಾದರೂ ವಲ್ಲಿ ಸರಿಸಿದರೆ
ಆ ಬೆಲೆ ಸತ್ತಿತು. ಮತ್ತೆ ಮೊದಲಿಂದ.

ಜತ್ತಿನಲ್ಲಿ, ಬೀಜದ ಗೋದಾಮಿನ ಹಿಂದಿನ ಕೋಣೆಯಲ್ಲಿ
ಈಗ ನನ್ನದೂ ಅದೇ ದಲ್ಲಾಳಿಕೆ.
ಒಂದೊಂದೇ ಬೆಳಕಿನ ಕಣ, ನಿಂತದ್ದು, ಮಲಗಿದ್ದು, ಓರೆಯಾದದ್ದು,
ಗಾಜಿನ ಎಳೆಯೊಳಗೆ ಉಮದಿಗೆ ಕಳಿಸುತ್ತೇನೆ.
ಆ ತುದಿಗೆ ಉಜ್ವಲಾ ಕದಮ
ನೆಟ್ಟಗೋ ಓರೆಯೋ ಊಹಿಸಿ ಅಳೆಯುತ್ತಾಳೆ.
ಅರ್ಧ ಊಹೆ ಹುಸಿ; ಅವನ್ನು ತೂರಿಬಿಡುತ್ತೇವೆ.
ಉಳಿದ ಕಾಳೇ ಕೀಲಿ.
ನಡುವೆ ಯಾರಾದರೂ ಇಣುಕಿದ್ದರೆ ಕಾಳಿನಲ್ಲಿ ಕಲ್ಲು ಸಿಗುತ್ತದೆ.
ನೂರಕ್ಕೆ ಹನ್ನೊಂದು ದಾಟಿತೋ, ಇಡೀ ರಾಶಿ ಹಳ್ಳಕ್ಕೆ.

"ಕಳ್ಳ ಸಿಗ್ತಾನೇನು ಅದರಾಗ?" ಅಪ್ಪ ಕೇಳಿದ.
"ಇಲ್ಲಪಾ. ಬಂದಿದ್ದ ಅಂತ ಗೊತ್ತಾಗ್ತದ, ಅಷ್ಟ."
"ಅಷ್ಟಕ್ಕ ಸರಕಾರ ಪಗಾರ ಕೊಡ್ತದ?"

ಸತತ ಮೂರು ಶುಕ್ರವಾರ, ನಸುಕಿನ ನಾಲ್ಕಕ್ಕೆ
ಹದಿಮೂರು, ಹದಿನಾಲ್ಕು, ಒಮ್ಮೆ ಹದಿನೇಳು.
ಉಜ್ವಲಾ ಫೋನಿನಲ್ಲಿ ದನಿ ತಗ್ಗಿಸಿದಳು.
ನಮ್ಮ ಶಾಸ್ತ್ರ ಕಟು: ತಪ್ಪು ಯಾರದೇ ಇರಲಿ
ಕಳ್ಳನದೇ ಎಂದು ಬರೆದುಕೊಳ್ಳಬೇಕು.
ಚಳಿಗಾಳಿ, ಮಸುಕು ಕನ್ನಡಿ, ನಿದ್ದೆಗೆಟ್ಟ ನನ್ನ ಕೈ
ಎಲ್ಲವೂ ಅವನ ಲೆಕ್ಕಕ್ಕೇ.

ನಾಲ್ಕನೆಯ ಶುಕ್ರವಾರ ಬ್ಯಾಟರಿ ಹಿಡಿದು ಹಳ್ಳದ ಸೇತುವೆಗೆ ಹೋದೆ.
ನಮ್ಮ ಎಳೆ ಅಲ್ಲಿ, ಪಕ್ಕೆಗೆ ಕಟ್ಟಿದ ಕೊಳವೆಯಲ್ಲಿ ತೂಗುತ್ತದೆ.
ಬಂದವು. ಒಂದರ ಹಿಂದೊಂದು, ಎರಡಂತಸ್ತಿನ ಟೆಂಪೋ,
ಕುರಿ, ಕುರಿ, ಗಿಣಿಮೂಗಿನ ಕುರಿ.
ಸೇತುವೆ ನಡುಗಿತು, ಕೊಳವೆ ನಡುಗಿತು,
ಒಳಗೆ ನೆಟ್ಟಗೆ ನಿಂತ ಬೆಳಕೆಲ್ಲ ತುಸು ವಾಲಿರಬೇಕು.
ಕೊನೆಯ ಗಾಡಿಯ ಕ್ಯಾಬಿನ್ನಿನಲ್ಲಿ ತೂಕಡಿಸುತ್ತ
ಸಿದರಾಯ ದಲ್ಲಾಳಿ,
ಹೆಗಲಿಗೆ ವಲ್ಲಿ.

ಮೇವು ಕತ್ತರಿಸುವ ಯಂತ್ರಕ್ಕೆ ಅವನ ಉಂಗುರದ ಬೆರಳು ಅರ್ಧ ಹೋಗಿದೆ.
ಅವನ ನಾಲ್ಕು ಸಾವಿರ ಯಾರ ಕೈಗೂ ಮೂರೂವರೆಯೇ.
ದಸ್ತಗೀರ ಮುಲ್ಲಾ ಮಾತ್ರ ನಲವತ್ತು ವರ್ಷ ಆ ಮೋಟು ಬೆರಳನ್ನು
ಪೂರ್ತಿ ಎಂದೇ ಎಣಿಸಿದ.
ಕತ್ತಲಲ್ಲಿ, ವಲ್ಲಿಯ ಕೆಳಗೆ,
ಒಮ್ಮೆಯೂ ಅನುಮಾನ ಪಡಲಿಲ್ಲ.

ಕೋಣೆಗೆ ಬಂದು ಬರೆದೆ:
ಶುಕ್ರವಾರ, ನಾಲ್ಕು ಹತ್ತು. ಹದಿನೈದು. ಕೀಲಿ ರದ್ದು.
ಕಾರಣಕ್ಕೆ ಆ ಪುಟದಲ್ಲಿ ನಾವು ಜಾಗ ಇಟ್ಟಿಲ್ಲ.
ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ:
ಕುರಿ.