ಮುಂದಿನ ಸೊನ್ನೆಗಳು

ಬೆಳಗಿನ ಜಾವ ನಾಲ್ಕೂವರೆ. ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣದ ಹಿಂದೆ
ಟೈರ್ ಅಂಗಡಿಯ ಮೇಲೆ ನಮ್ಮ ಒಂದೂವರೆ ಕೋಣೆಯ ಆಫೀಸು.
ಕೆಳಗೆ ಆಬಿದಣ್ಣ ಸುತ್ತಿಗೆ ಹಿಡಿದು
ಉಡುಪಿ ಗಾಡಿಗೆ ಸುತ್ತು ಬರುತ್ತಿದ್ದಾನೆ:
ಟಣ್. ಟಣ್. ಟಣ್.
ಬಿಗಿಯಾದ ಬೋಲ್ಟು ಹಾಡುತ್ತದೆ, ಸಡಿಲಾದದ್ದು ಕೆಮ್ಮುತ್ತದೆ,
ಅಷ್ಟೇ ಅವನ ವಿದ್ಯೆ.

ಮೇಲೆ ನನ್ನದೂ ಅದೇ ಕೆಲಸ, ಕಿವಿಯಿಲ್ಲದೆ.
ಒಂದು ಸಾಲು ಬರೆದು ಎಂಟರ್ ಒತ್ತಿದರೆ
ಟೂಲ್ ತಾನೇ ಇಳಿಯುತ್ತದೆ
ಟಿಕೆಟ್ ಮಷಿನ್ನಿನ ತಂತ್ರಾಂಶದೊಳಕ್ಕೆ.
ನಾವು ಕೈಯಾರೆ ಆರಿಸಿ ತಂದದ್ದು ಇಪ್ಪತ್ಮೂರು ಪ್ಯಾಕೇಜು.
ಅವು ಕರೆತಂದ ನೆಂಟರು, ನೆಂಟರ ನೆಂಟರು,
ನೆಂಟರ ಚಪ್ಪಲಿ ಕಾಯಲು ಬಂದವರು,
ಒಟ್ಟು ಸಾವಿರದ ನೂರ ಹದಿನಾಲ್ಕು.
ಎಲೆ ಮುಂದೆ ಕೂತವರನ್ನು
ಯಾರ ಕಡೆಯವರು ಅಂತ ಕೇಳುವುದು ಚೆನ್ನಾಗಿರುವುದಿಲ್ಲ.
ಟೂಲ್ ಕೇಳುತ್ತದೆ. ಅದಕ್ಕೆ ದಾಕ್ಷಿಣ್ಯವಿಲ್ಲ.

ಕೊನೆಯ ಬಾರಿ ಉಸಿರಾಡಿದ್ದು ಯಾವಾಗ?
ನೋಡಿಕೊಳ್ಳುವವರು ಎಷ್ಟು ಜನ?
ಗೊತ್ತಿದ್ದ ತೂತು ಮುಚ್ಚಿದ್ದಾರಾ?
ಪರವಾನಗಿ ಇದೆಯಾ, ಇಲ್ಲ ಸುಮ್ಮನೆ ಹತ್ತಿ ಕೂತದ್ದಾ?
ಕೆಂಪು ನಾಲ್ಕು. ಹಳದಿ ಮೂವತ್ತೊಂದು.
ಉಳಿದದ್ದು ಹಸಿರು, ಹಸಿರು, ಸಕ್ರೆಬೈಲಿನ ತನಕ ಹಸಿರು.

"ಓಡ್ತಾ ಇದೆಯಲ್ಲಮ್ಮ, ಮತ್ಯಾಕೆ ಬಿಚ್ತೀಯ?"
ಅಂತಾರೆ ಮಾಲೀಕ ಹಾಲೇಶಪ್ಪ, ತಿಂಗಳ ಬಿಲ್ಲು ಕಂಡಾಗಲೆಲ್ಲ.
ನನಗೆ ಉತ್ತರ ಹೊಳೆಯುವುದಿಲ್ಲ.
ಆಬಿದಣ್ಣನೇ ಒಮ್ಮೆ ಬೀಡಿ ಆರಿಸುತ್ತ ಹೇಳಿದ್ದು:
"ಓಡೋದನ್ನೇ ನೋಡ್ಬೇಕು ಸಾವ್ಕಾರ್ರೆ,
ನಿಂತಿದ್ದನ್ನ ದಾರೀಲಿ ಹೋಗೋರೂ ನೋಡ್ತಾರೆ."

ಮೂರು ಕೆಂಪು ಸುಲಭದ್ದು. ಆವೃತ್ತಿ ಏರಿಸಿದೆ, ಪರೀಕ್ಷೆಗಳು ಓಡಿದವು,
ಒಂದು ಮುರಿಯಿತು, ಬೈದೆ, ಸರಿಯಾಯಿತು.
ನಾಲ್ಕನೆಯದರ ಮುಂದೆ ಚಹಾ ಆರಿತು.

ಹನ್ನೊಂದು ಸಾಲಿನ ಪ್ಯಾಕೇಜು.
ಅದರ ಕೆಲಸ ಅಂಕಿಯ ಮುಂದೆ ಸೊನ್ನೆ ಕೂರಿಸುವುದು.
ನಾನೂರ ಹದಿನೇಳು ಬಂದರೆ
೦೦೦೪೧೭ ಮಾಡಿ ಕಳಿಸುವುದು. ಇಷ್ಟೇ.
ಎಡಗಡೆ ಕೂತ ಸೊನ್ನೆಗೆ ಬೆಲೆ ಎಲ್ಲಿ, ಒಪ್ಪಿದೆ.
ಆದರೆ ಅದಿಲ್ಲದೆ ಮಷಿನ್ನು ಟಿಕೆಟ್ ಉಗುಳುವುದಿಲ್ಲ;
ಮೇಗರವಳ್ಳಿಯ ತಿರುವಿನಲ್ಲಿ ಕಂಡಕ್ಟರ್ ತೀರ್ಥಪ್ಪ
ಸೀಟಿಗೆ ಸೊಂಟ ಆನಿಸಿ, ಬೆರಳ ಸಂದಿಯಲ್ಲಿ ನೋಟು ಮಡಚಿಟ್ಟು
ಗುಂಡಿ ಒತ್ತುತ್ತಲೇ ಇರಬೇಕು.

ಟೂಲ್ ಹೇಳಿತು: ನೋಡಿಕೊಳ್ಳುವವರು ಒಬ್ಬರು.
ಕೊನೆಯ ಬದಲಾವಣೆ ಆರು ವರ್ಷ ಎರಡು ತಿಂಗಳ ಹಿಂದೆ.
ಆರೋಗ್ಯ ಹತ್ತಕ್ಕೆ ಎರಡು.
ಆ ಒಬ್ಬರು ಗಂಡೋ ಹೆಣ್ಣೋ, ಯಾವ ಊರು,
ಯಾಕೆ ನಿಲ್ಲಿಸಿದರು, ಆ ಕಾಲಮ್ಮು ವರದಿಯಲ್ಲಿ ಇಲ್ಲ.
ಅರೆಬರೆ ಇಂಗ್ಲಿಷಿನ ಕಡೆಯ ಟಿಪ್ಪಣಿ ಮಾತ್ರ ಉಳಿದಿದೆ:
ಸದ್ಯಕ್ಕೆ ಇಷ್ಟು ಸಾಕು, ಉಳಿದದ್ದು ನಾಳೆ.
ಅದರ ಕೆಳಗೆ ಅರವತ್ತು ಜನ ಜಗಳ ತೆಗೆದಿದ್ದಾರೆ,
ಬೇಗ ಸರಿಮಾಡಿ, ನಮ್ಮ ಕೆಲಸ ನಿಂತಿದೆ, ಎಂದು.
ಹೇಗಿದ್ದೀರಿ ಎಂದವರು?
ಮೇಲಿಂದ ಕೆಳಕ್ಕೆ ಎರಡು ಸಲ ಹುಡುಕಿದೆ.

ಬದಲಿ ಪ್ಯಾಕೇಜು ಟೂಲೇ ತೋರಿಸುತ್ತದೆ.
ಒಂದು ಗುಂಡಿ. ಒತ್ತಿದರೆ ಹಳೆಯದು ಇದ್ದ ಗುರುತೂ ಉಳಿಯುವುದಿಲ್ಲ.
ಒತ್ತಿದೆ. ಒತ್ತಲೇಬೇಕು,
ಘಾಟಿಯಲ್ಲಿ ಕನಿಕರ ಬ್ರೇಕು ಹಿಡಿಯುವುದಿಲ್ಲ.

ಆಮೇಲೆ ಆ ಟಿಪ್ಪಣಿಯ ಕೆಳಗೆ
ಅರವತ್ತೊಂದನೆಯವಳಾಗಿ ಬರೆದೆ:
ನಿಮ್ಮ ಹನ್ನೊಂದು ಸಾಲು ಆರು ವರ್ಷ
ದಿನಾ ಆಗುಂಬೆ ಘಾಟಿ ಇಳಿದು ಹತ್ತಿದೆ.
ಒಂದು ಟಿಕೆಟೂ ತಪ್ಪಿಲ್ಲ.
ಇವತ್ತು ಇಲ್ಲಿ ಇಳಿಸುತ್ತಿದ್ದೇವೆ.
ಏನೂ ಸರಿಮಾಡಬೇಡಿ.

ಕೆಳಗೆ ಸದ್ದು ನಿಂತಿತ್ತು.
ಕಿಟಕಿಯಿಂದ ಬಗ್ಗಿದೆ. ಆಬಿದಣ್ಣ ಹಿಂದಿನ ಚಕ್ರದ ಬಳಿ
ಕುಕ್ಕರುಗಾಲಲ್ಲಿ ಕೂತು ಒಂದೇ ಬೋಲ್ಟಿಗೆ
ಮತ್ತೊಮ್ಮೆ ಬಡಿದ. ಕಿವಿಗೊಟ್ಟ.
ಹುಡುಗನ ಕಡೆ ನೋಡದೆಯೇ
ಕೈ ಚಾಚಿದ, ಸ್ಪ್ಯಾನರಿಗೆ.