ತಾಸಿಗಿಷ್ಟು

ಹಿತ್ತಾಳೆಯ ಹೊಟ್ಟೆಯಲ್ಲಿ ಎಂತೆಲ್ಲ ಇರುತ್ತದೆ, ಗೊತ್ತುಂಟಾ?
ಬಂದರಿನ ಈ ಓಣಿಯಲ್ಲಿ, ಒಣಮೆಣಸಿನ ಮಂಡಿಯ ಪಕ್ಕ,
ಇಪ್ಪತ್ತೆರಡು ವರ್ಷ ತುತ್ತೂರಿ ಬಿಚ್ಚಿದವ ನಾನು.
ಮೊದಲು ಎಂಜಲು. ಆಮೇಲೆ ಯಾವುದೋ ಮದುವೆಯ ಅಕ್ಕಿಕಾಳು.
ಒಮ್ಮೆ ಜಿರಳೆ. ಒಮ್ಮೆ ಚಿನ್ನದ ಹಲ್ಲಿನ ಚೂರು,
ನನ್ನದೆಂದು ಕೇಳಿಕೊಂಡು ಯಾರೂ ಬರಲಿಲ್ಲ.

ಕಳೆದ ವಾರ ಒಬ್ಬಳು ಬಂದಳು, ಕೊಣಾಜೆಯಿಂದ,
ಹೆಗಲಿಗೆ ಚೀಲ, ಕೈಯಲ್ಲಿ ರೆಕಾರ್ಡರು:
ಬೈಲಾ ಎಲ್ಲಿಂದ ಬಂತು?
ಹುಲಿ ಕುಣಿತದ ತಾಸೆಯ ಪೆಟ್ಟು ಮೂಲದಲ್ಲಿ ಯಾರದು?
ಸ್ಟೂಲು ತೋರಿಸಿದೆ. ಒಂದು ಕಾಲು ಗಿಡ್ಡ, ಜಾಗ್ರತೆ ಎಂದೆ.
ಮೆಣಸಿನ ಘಾಟಿಗೆ ಎರಡು ಸೀನು ಸೀನಿ ಕೂತಳು.

ಬೈಲಾ?
ಇನಾಸಾಮ್ ಇದ್ದಿದ್ದರೆ ಹಡಗಿನ ಹೆಸರೇ ಹೇಳುತ್ತಿದ್ದರು,
ದಿನಕ್ಕೊಂದು ಹಡಗು.
ಸೋಮವಾರ ಅದು ಕೊಲಂಬಿನಿಂದ ಲವಂಗದ ಚೀಲದ ಮೇಲೆ ಕೂತು ಬಂದದ್ದು,
ಬುಧವಾರ ಗೋವೆಯಿಂದ, ಯಾರದೋ ಅಜ್ಜಿಯ ಸೊಂಟದಲ್ಲಿ.
ಕುಡಿದ ಶನಿವಾರ ಮಾತ್ರ ದನಿ ಇಳಿಯುತ್ತಿತ್ತು:
ಆಯ್ಕ್ ಪುತಾ,
ಆಫ್ರಿಕಾದಿಂದ ಕಟ್ಟಿ ತಂದವರ ಕಾಲು ಅದು.
ಪೋರ್ಚುಗೀಸನ ಗಿಟಾರಿಗೆ ಆ ಕಾಲು ಎಲ್ಲಿಂದ?
ಮೇಜಿನ ಮೇಲೆ ಬೆರಳಲ್ಲಿ ಆರು ಪೆಟ್ಟು,
ನಾಲ್ಕನೆಯದು ಒಂಚೂರು ತಡ.
ಎಲ್ಲ ಇರುವುದು ಆ ತಡದಲ್ಲಿ, ಎಂದು ಗ್ಲಾಸು ಎತ್ತುತ್ತಿದ್ದರು.

ತಾಸೆಯದು ಕೇಳು. ನನ್ನಪ್ಪ ಬಡಿದವನೇ.
ಕೇಳಿದರೆ, ಹುಲಿಯೇ ಕಲಿಸಿದ್ದು, ಎಂದು ಮೀಸೆ ಒರೆಸುವವ.
ಗುಜರಿಯ ಹಮ್ಮಬ್ಬ ಮಾತ್ರ ಬೇರೆ ಹೇಳಿದ:
ತಾಸ್ ಅಂದರೆ ಬಟ್ಟಲಂತೆ, ಪಾರಸಿಯಲ್ಲಿ.
ಬಟ್ಟಲಿಗೆ ಚರ್ಮ ಬಿಗಿದರೆ ತಾಸೆ.
ತೂತು ಕೊರೆದು ನೀರಿಗೆ ಬಿಟ್ಟರೆ, ಅದು ಮುಳುಗುವಷ್ಟು ಹೊತ್ತೇ ತಾಸು.
ಅಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ.
ತಾಸಿಗಿಷ್ಟು ಎಂದು ಮಾತಾಡಿ, ತಾಸೆ ಬಡಿದು,
ತಾಸಿನ ಮೇಲೆ ಹತ್ತು ನಿಮಿಷ ಪುಕ್ಕಟೆ ಕೊಟ್ಟು
ಬೊಕ್ಕಪಟ್ಣದ ತನಕ ನಡೆದೇ ಬರುತ್ತಿದ್ದ,
ಬೆವರಿಗೆ ಹುಲಿಯ ಹಳದಿ ಬಣ್ಣ ಅಂಟಿಸಿಕೊಂಡು.

ಎರಡೂ ಸೇರಿದ್ದು ಎಂದು, ಕೇಳಿದಳು.
ಎಂದು ಅಂದರೆ?
ಇನಾಸಾಮನ ಬ್ಯಾಂಡು ಬೆಳಿಗ್ಗೆ ಹೆಣದ ಹಿಂದೆ ನಿಧಾನಕ್ಕೆ ಊದಿದ್ದನ್ನೇ
ಸಂಜೆ ಬೇಗ ಬೇಗ ಊದಿ ಮದುವೆ ಮುಗಿಸುತ್ತಿತ್ತು.
ಒಂದು ಮೇ ತಿಂಗಳು, ಕುಲಶೇಖರದಲ್ಲಿ ಮದುವೆ,
ಡ್ರಮ್ಮಿನ ಸ್ಟ್ಯಾನಿಗೆ ಮಂಗನಬಾವು.
ಇನಾಸಾಮ್ ಸೈಕಲ್ಲಿನಲ್ಲಿ ನಮ್ಮ ಅಂಗಳಕ್ಕೆ ಬಂದು
ಇಪ್ಪತ್ತು ರೂಪಾಯಿ, ಊಟ, ಎಂದರು.
ಅಪ್ಪ ತಾಸೆ ಹೆಗಲಿಗೆ ಹಾಕಿ ಕ್ಯಾರಿಯರಿನಲ್ಲಿ ಕೂತ.
ಅಷ್ಟೇ ಮಾರಾಯ್ತಿ.
ಮೊದಲ ಪೆಟ್ಟಿಗೆ ಮುದುಕಿಯರು ಶಿಲುಬೆ ಗುರುತು ಹಾಕಿಕೊಂಡರಂತೆ,
ಎರಡನೆಯದಕ್ಕೆ ಮದುಮಗಳು ಚಪ್ಪಲಿ ಕಳಚಿದಳಂತೆ.
ಆ ವರ್ಷವೇ ಹುಲಿಗಳ ಮುಂದೆ ತುತ್ತೂರಿ ಬಂತು.
ಯಾರು ಯಾರನ್ನು ಮೊದಲು ಕರೆದದ್ದು ಎಂದು
ಇಬ್ಬರೂ ಸಾಯುವ ತನಕ ಜಗಳವಾಡಿದರು.

ಅವಳಿಗೆ ಬೇಕಾದದ್ದು ಒಂದು ಹೆಸರು, ಒಂದು ಇಸವಿ.
ಮಂಗನಬಾವು ಅಂತ ಬರೆ, ಎಂದೆ.
ನಗಲಿಲ್ಲ. ಬರೆದುಕೊಂಡಳು.

ಮರುದಿನ ಫೋನು.
ಸರ್, ನಿಮ್ಮ ಮಾತಿನ ಅಡಿಯಲ್ಲಿ ಉದ್ದಕ್ಕೂ ಒಂದು ಸದ್ದು ಉಂಟು,
ಟಕ್ ಟಕ್ ಟಕ್, ಆಮೇಲೆ ಸ್ವಲ್ಪ ನಿಂತು ಟಕ್.
ಹಿಂದೆ ಯಾರು ಬಡಿಯುತ್ತಿದ್ದದ್ದು?

ಗಿಡ್ಡ ಕಾಲಿನ ಕೆಳಗೆ ಸಿಮೆಂಟು ಬೆಳ್ಳಗೆ ಸವೆದಿತ್ತು.
ಸ್ಟೂಲು, ಎಂದೆ.
ಕೂತವರು ಯಾರೆಂದು ಹೇಳಲಿಲ್ಲ.